ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್



ಕಾರಿನ ಹೊಗೆ ಕೊಳವೆಯೊಳಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ನೂರಾರು ಡಿಗ್ರಿ ಬಿಸಿಯಲ್ಲೂ ಅದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಇದಕ್ಕೆ ತಳಹದಿ ಹಾಕಿದವರು ಜರ್ಮನಿಯ ರಸಾಯನ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್.

ಅವರು 1864ರ ಜೂನ್ 25ರಂದು ಪ್ರಷ್ಯಾದ ಬ್ರೀಸನ್ ಎಂಬಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡಿನಲ್ಲಿದೆ. 1887ರಲ್ಲಿ ಡಾಕ್ಟರೇಟ್ ಪಡೆದು, ಲೈಪ್ಜಿಗ್‌ನಲ್ಲಿ ಓಸ್ಟ್‌ವಾಲ್ಡ್ ಅವರ ಬಳಿ ಕೆಲಸಕ್ಕೆ ಸೇರಿದರು. ವಿದ್ಯುತ್ಕೋಶದ ವೋಲ್ಟೇಜಿಗೂ ದ್ರಾವಣದ ಸಾರತೆಗೂ ಇರುವ ಸಂಬಂಧವನ್ನು 1889ರಲ್ಲಿ ಸಮೀಕರಣವಾಗಿ ಬರೆದರು. ಪಿಯುಸಿಯಲ್ಲಿ ನೀವು ಓದುವ ನೆರ್ನ್‌ಸ್ಟ್ ಸಮೀಕರಣ ಇದೇ.

ಗಟಿಂಗೆನ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1897ರಲ್ಲಿ ಹೊಸ ವಿದ್ಯುದ್ದೀಪವನ್ನು ಕಂಡುಹಿಡಿದರು. ಮುಂದೆ ಅದಕ್ಕೆ ಜಿರ್ಕೋನಿಯಾ ಮತ್ತು ಯಿಟ್ರಿಯಾ ಬೆರೆಸಿದ, ಪಿಂಗಾಣಿಯಂಥ ಕಡ್ಡಿಯನ್ನು ಬಳಸಿದರು. ತಣ್ಣಗಿದ್ದರೆ ಅದರಲ್ಲಿ ವಿದ್ಯುತ್ ಹರಿಯದು. ಚೆನ್ನಾಗಿ ಕಾಯಿಸಿದರೆ ಹರಿದು ಪ್ರಖರ ಬೆಳಕು ಬರುತ್ತದೆ. ಆದರೆ ಪ್ರತಿ ಸಲ ಮೊದಲು ಕಾಯಿಸುವ ತೊಂದರೆ ಯಾರಿಗೆ ಬೇಕು? ಟಂಗ್‌ಸ್ಟನ್ ದೀಪ ಬಂದ ಮೇಲೆ ಇದು ಮೂಲೆ ಸೇರಿತು.

ಉಷ್ಣ ರಸಾಯನಶಾಸ್ತ್ರದ ಕಾರ್ಯಕ್ಕಾಗಿ ಅವರಿಗೆ 1920ರ ನೊಬೆಲ್ ಬಹುಮಾನ ದೊರೆಯಿತು. ಆದರೆ ಬಾಳು ಸುಖವಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಇಬ್ಬರು ಗಂಡುಮಕ್ಕಳೂ ಮಡಿದರು. ಅದೇ ಯುದ್ಧದಲ್ಲಿ ಅವರು ರಾಸಾಯನಿಕ ಅಸ್ತ್ರಗಳ ಸಂಶೋಧನೆಯಲ್ಲಿ ಭಾಗಿಯಾದದ್ದು ಅವರ ಜೀವನದ ಕಪ್ಪು ಚುಕ್ಕೆ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ನಿವೃತ್ತರಾದರು. ಯಹೂದಿಯರನ್ನು ಮದುವೆಯಾಗಿದ್ದ ಇಬ್ಬರು ಹೆಣ್ಣುಮಕ್ಕಳು ದೇಶ ಬಿಟ್ಟರು. 1941ರ ನವೆಂಬರ್ 18ರಂದು ನೆರ್ನ್‌ಸ್ಟ್ ತೀರಿಕೊಂಡರು.

ಮೂಲೆ ಸೇರಿದ ಆ ಕಡ್ಡಿಯ ಕಥೆ ಮಾತ್ರ ಮುಗಿದಿರಲಿಲ್ಲ. ಬಿಸಿಯಾದ ಜಿರ್ಕೋನಿಯಾದಲ್ಲಿ ಚಲಿಸುವುದು ಆಮ್ಲಜನಕದ ಅಯಾನುಗಳು ಎಂದು 1943ರಲ್ಲಿ ಕಾರ್ಲ್ ವಾಗ್ನರ್ ವಿವರಿಸಿದರು. 1976ರಲ್ಲಿ ಬಾಷ್ ಕಂಪನಿಯ ಜಿರ್ಕೋನಿಯಾ ಸೆನ್ಸರ್ ವೋಲ್ವೋ ಕಾರುಗಳಿಗೆ ಬಂದಿತು. ಅದರ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡೂ ಕಡೆಯ ಆಮ್ಲಜನಕದಲ್ಲಿ ವ್ಯತ್ಯಾಸವಿದ್ದರೆ ವೋಲ್ಟೇಜ್ ಹುಟ್ಟುತ್ತದೆ. ಅದು ಎಷ್ಟೆಂದು ಹೇಳುವುದು 1889ರ ಅದೇ ಸಮೀಕರಣ! ಅದನ್ನು ನೋಡಿ ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲ್ ಹೋಗುತ್ತದೆ. ಆಗ ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್, ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳಂಥ ವಿಷಾನಿಲಗಳನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ವಿದ್ಯಾರ್ಥಿಗಳೇ, ದೀಪಕ್ಕೆ ದೋಷವಾಗಿದ್ದ ಗುಣವೇ ಸೆನ್ಸರಿಗೆ ಬಲವಾಯಿತು. ನಿಮ್ಮ ಪ್ರಯೋಗವೊಂದು ಫಲಿಸದಿದ್ದರೆ ಟಿಪ್ಪಣಿಯನ್ನು ಹರಿದು ಹಾಕಬೇಡಿ. ವಿದ್ಯೆ ವಿಷವನ್ನು ಹರಡಲೂಬಹುದು, ತಡೆಯಲೂಬಹುದು. ಆಯ್ಕೆ ಕಲಿತವರ ಕೈಯಲ್ಲಿದೆ.