ಕಾಡುಪಾಪವನ್ನು ಅಭ್ಯಸಿಸಿದ ಮೇಷ್ಟ್ರು: ಸಿ. ಆರ್. ನಾರಾಯಣರಾವ್

ರಾಬರ್ಟ್‌ಸನ್‌ಪೇಟೆಯ ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಸಸ್ತನಿಗಳ ಪಾಠಯೋಜನೆ ಬರೆಯುವಾಗ ನಾನು ಪೂರಕ ವಿಷಯವಾಗಿ ಆರಿಸಿಕೊಂಡದ್ದು ಪ್ರೊ. ಸಿ. ಆರ್. ನಾರಾಯಣರಾಯರ ಜೀವನ. ಪಠ್ಯದಲ್ಲಿ ಬರುವ ವಿಜ್ಞಾನಿಗಳು ಹೆಚ್ಚಾಗಿ ಹೊರದೇಶದವರು. ಇವರು ಪಾಠ ಹೇಳಿದ್ದು ನಮಗೆ ಸುಮಾರು 100 ಕಿ.ಮೀ. ದೂರದ ಬೆಂಗಳೂರಿನಲ್ಲಿ.

ರಾಯರು ಹುಟ್ಟಿದ್ದು 1882ರಲ್ಲಿ. ಶಾಲೆ ಬಳ್ಳಾರಿಯಲ್ಲಿ, ಮೇಲಿನ ಓದು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಅಧ್ಯಾಪಕರಾಗಿದ್ದು, ಆಮೇಲೆ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಕಪ್ಪೆಗಳ ತಜ್ಞರೆಂದು ಅವರ ಹೆಸರು. ನನ್ನ ಪಾಠಕ್ಕೆ ಬೇಕಾದದ್ದು ಮಾತ್ರ ಕಾಡುಪಾಪ. ತರಗತಿಯಲ್ಲಿ ಚಿತ್ರ ತೋರಿಸಿದ ಕೂಡಲೇ ತಮಿಳು ಮನೆಮಾತಿನ ಮಕ್ಕಳು ತೇವಾಂಗು ಎಂದರು, ತೆಲುಗಿನವರು ದೇವಾಂಗಪಿಲ್ಲಿ ಎಂದರು. ಪೂರ್ವಜ್ಞಾನ ಪರೀಕ್ಷೆಗೆ ಬೇರೆ ಪ್ರಶ್ನೆಯೇ ಬೇಕಾಗಲಿಲ್ಲ. ಕಾಲು ಕಿಲೋ ಆಸುಪಾಸಿನ ತೂಕ, ಬಾಲವಿಲ್ಲ, ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಕೊಂಬೆಯನ್ನು ಇಕ್ಕಳದಂತೆ ಹಿಡಿಯುತ್ತದೆ. ಕೋತಿಯ ದೂರದ ನೆಂಟ. ಹಗಲೆಲ್ಲ ಕೊಂಬೆಗಳ ಸಂದಿಯಲ್ಲಿ ಮುದುಡಿ ಮಲಗಿ ರಾತ್ರಿ ಹುಳುಹುಪ್ಪಟೆ ಹುಡುಕುತ್ತದೆ. ಬೆಳಕಿಗೆ ಕಣ್ಣು ಹೊಳೆದರಷ್ಟೇ ಇದೆಯೆಂದು ಗೊತ್ತಾಗುವುದು.

ಹೊರಗಿನಿಂದ ಕಾಣುವುದೇ ಕಷ್ಟವಾದ ಈ ಪ್ರಾಣಿಯ ಒಳಗನ್ನು ರಾಯರು ನೋಡಿದರು. ಅದರ ಅಂಡಾಶಯ ಮತ್ತು ಅಂಡಾಣುವಿನ ರಚನೆ ಕುರಿತ ಅವರ ಪ್ರಬಂಧ 1927ರಲ್ಲಿ ಇಂಗ್ಲೆಂಡಿನ ಕ್ವಾರ್ಟರ್ಲಿ ಜರ್ನಲ್ ಆಫ್ ಮೈಕ್ರೊಸ್ಕೊಪಿಕಲ್ ಸೈನ್ಸ್‌ನಲ್ಲಿ ಅಚ್ಚಾಯಿತು. ಇಂಥ ಅಧ್ಯಯನವೆಂದರೆ ಅಂಗಾಂಶವನ್ನು ಕೆಡದಂತೆ ದ್ರಾವಣದಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಪೊರೆಗಿಂತ ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಒಂದೊಂದೇ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡುವ ಕೆಲಸ. ಬಿ.ಎಸ್ಸಿ.ಯಲ್ಲಿ ಸಿದ್ಧ ಸ್ಲೈಡು ನೋಡಿ ಚಿತ್ರ ಬರೆದ ನಮಗೆ ಈ ದುಡಿಮೆಯ ಅಂದಾಜಿರುವುದಿಲ್ಲ. ಇಂದು ಕಾಡುಪಾಪ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಹಿಡಿಯುವಂತೆಯೇ ಇಲ್ಲ. ನಾನು ಬಳಸಿದ್ದು ಕೈಯಿಂದ ಬರೆದ ಚಾರ್ಟು.

1932ರಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಪತ್ರಿಕೆ ಹೊರಟಾಗ ರಾಯರು ಅದರ ಸಂಪಾದಕರು. 1937ರಲ್ಲಿ ಕೊಟ್ಟಿಗೆಹಾರ, ಕೆಂಪುಹೊಳೆ ಕಡೆಯ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ಕಾಲೇಜಿನಲ್ಲಿ ಇಟ್ಟಿದ್ದ ಆ ಮೂಲ ಮಾದರಿಗಳು ಮುಂದೆ ಕಳೆದುಹೋದವು. ನನಗೆ ಈ ಜೀವನದಲ್ಲಿ ಬಹಳ ನೋವೆನಿಸಿದ ಸಂಗತಿ ಇದು. ಮಾದರಿಯಿಲ್ಲದೆ ಹೆಸರಷ್ಟೇ ಉಳಿದರೆ ಅದು ಯಾವ ಕಪ್ಪೆಯದೆಂದು ನಿಶ್ಚಯಿಸುವುದು ಹೇಗೆ? ಅವರು ಬರೆದಿಟ್ಟ ವರ್ಣನೆ ಮತ್ತು ಊರಿನ ಹೆಸರನ್ನು ಹಿಡಿದು ಮತ್ತೆ ಅದೇ ಕಾಡಿನಲ್ಲಿ ಹುಡುಕಬೇಕು. ಇದನ್ನು ಹೇಳಿದ ಮೇಲೆ ಮಕ್ಕಳು ತಾವು ತಂದಿದ್ದ ಎಲೆಗಳ ಚೀಟಿಯಲ್ಲಿ ದಿನಾಂಕ, ಬೀದಿ, ಮರದ ಹೆಸರು ಬರೆದರು.

ರಾಯರು ತೀರಿಕೊಂಡದ್ದು 1960ರಲ್ಲಿ. 2010ರಲ್ಲಿ ಪಶ್ಚಿಮಘಟ್ಟದ ಪೊದೆಗಪ್ಪೆಗಳನ್ನು ಹೊಸ ಕುಲವೊಂದಕ್ಕೆ ಸೇರಿಸಿದ ವಿಜ್ಞಾನಿಗಳು ಆ ಕುಲಕ್ಕೆ ಅವರ ನೆನಪಿನಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು.