ತಮ್ಮ ಅರಿವನ್ನು ತಾವೇ ಅಳೆದ ಬಹುಭಾಷಾ ವಿದ್ವಾಂಸ

ಅನೇಕ ಭಾಷೆಗಳನ್ನು ಬಲ್ಲವರೆಂದು ಕೀರ್ತಿ ಪಡೆದವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಆದರೆ ಯಾವ ಭಾಷೆ ತಮಗೆ ಎಷ್ಟರಮಟ್ಟಿಗೆ ಒಲಿದಿದೆಯೆಂಬುದನ್ನು ತಾವೇ ಅಳೆದು ಬರೆದಿಟ್ಟವರು ವಿರಳ. ಅಂತಹ ವಿರಳರಲ್ಲಿ ಸರ್ ವಿಲಿಯಂ ಜೋನ್ಸರು ಒಬ್ಬರು.

ಜೋನ್ಸರು 1746ರ ಸೆಪ್ಟೆಂಬರ್ 28ರಂದು ಲಂಡನ್ನಿನಲ್ಲಿ ಜನಿಸಿದರು. ಅವರ ತಂದೆ ವೇಲ್ಸ್ ನಾಡಿನಿಂದ ಬಂದ ಗಣಿತಜ್ಞರು. ಮಗನಿಗೆ ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡರು. ತಾಯಿಯ ಆಶ್ರಯದಲ್ಲಿ ಬೆಳೆದ ಜೋನ್ಸರು ಹ್ಯಾರೋ ಶಾಲೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಪರಿಣತಿ ಪಡೆದು, ಆಕ್ಸ್‌ಫರ್ಡಿನಲ್ಲಿ ಅರಬ್ಬಿಯ ಕಡೆಗೆ ತಿರುಗಿದರು. ಉಚ್ಚಾರಣೆ ಶುದ್ಧವಾಗಬೇಕೆಂದು ಸಿರಿಯಾ ದೇಶದವನೊಬ್ಬನನ್ನು ತಮ್ಮದೇ ಖರ್ಚಿನಲ್ಲಿ ಲಂಡನ್ನಿನಿಂದ ಅಲ್ಲಿಗೆ ಕರೆಸಿಕೊಂಡರು. 1771ರಲ್ಲಿ ಅವರ ಪಾರಸಿ ವ್ಯಾಕರಣ ಪ್ರಕಟವಾಯಿತು. ಆದರೆ ಭಾಷಾಭ್ಯಾಸದಿಂದ ಸಂಸಾರ ಸಾಗದು. ಆದುದರಿಂದ ಕಾನೂನನ್ನು ಓದಿ 1774ರಲ್ಲಿ ವಕೀಲಿಗೆ ಅರ್ಹತೆ ಪಡೆದರು.

1783ರಲ್ಲಿ ಅವರು ಕಲಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿ ಬಂದರು. ಮರುವರ್ಷದ ಜನವರಿ 15ರಂದು ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದರು. ಆಗಲೂ ಅವರಿಗೆ ಸಂಸ್ಕೃತ ತಿಳಿದಿರಲಿಲ್ಲ. ದಾಯಭಾಗವೇ ಮೊದಲಾದ ವಿಷಯಗಳಲ್ಲಿ ಹಿಂದೂಗಳ ವ್ಯಾಜ್ಯಗಳು ಧರ್ಮಶಾಸ್ತ್ರದಂತೆ ತೀರ್ಮಾನವಾಗಬೇಕಾಗಿದ್ದವು. ಶಾಸ್ತ್ರದ ಅರ್ಥವನ್ನಾದರೋ ಕೋರ್ಟಿನ ಪಂಡಿತರೇ ಹೇಳಬೇಕಾಗಿತ್ತು. ತಾವು ಓದಲಾರದ ಗ್ರಂಥದ ಆಧಾರದಿಂದ ಒಬ್ಬನ ಆಸ್ತಿಯನ್ನು ಇನ್ನೊಬ್ಬನಿಗೆ ಕೊಡಿಸುವುದು ಜೋನ್ಸರ ಮನಸ್ಸಿಗೆ ಒಪ್ಪಲಿಲ್ಲ. ಪಂಡಿತರ ಮಾತನ್ನು ಪೂರ್ಣವಾಗಿ ನಂಬಲೂ ಅವರಿಂದಾಗಲಿಲ್ಲ. ಆದುದರಿಂದ 1785ರಲ್ಲಿ, 39ರ ವಯಸ್ಸಿನ ಹೊಸ್ತಿಲಲ್ಲಿ, ನದಿಯಾ ಪ್ರಾಂತಕ್ಕೆ ಹೋಗಿ, ವೈದ್ಯಕುಲದ ರಾಮಲೋಚನರೆಂಬ ವಿದ್ವಾಂಸರ ಬಳಿ ಸಂಸ್ಕೃತ ಪಾಠಕ್ಕೆ ಕುಳಿತರು.

ಕೆಲವೇ ತಿಂಗಳುಗಳಲ್ಲಿ, 1786ರ ಫೆಬ್ರವರಿ 2ರಂದು, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸೊಸೈಟಿಯ ಸಭೆಯಲ್ಲಿ ಸಾರಿದರು. ಈ ಸಾದೃಶ್ಯವನ್ನು ದಕ್ಷಿಣ ಭಾರತದಲ್ಲಿದ್ದ ಫ್ರೆಂಚ್ ಪಾದ್ರಿ ಕರ್ಡೂ ಅವರು 1767ರಲ್ಲಿಯೇ ಗುರುತಿಸಿದ್ದರಾದರೂ, ಲೋಕದ ಗಮನ ಸೆಳೆದುದು ಜೋನ್ಸರ ಭಾಷಣವೇ. 1789ರಲ್ಲಿ ಶಾಕುಂತಲದ ಅನುವಾದವೂ, 1794ರಲ್ಲಿ ಮನುಸ್ಮೃತಿಯ ಅನುವಾದವೂ ಹೊರಬಂದವು.

ಇಷ್ಟೆಲ್ಲ ಸಾಧಿಸಿದವರು ತಮ್ಮ ಭಾಷಾಜ್ಞಾನವನ್ನು ಒಂದು ಹಾಳೆಯ ಮೇಲೆ ಮೂರು ತರಗತಿಗಳಾಗಿ ಬರೆದುಕೊಂಡಿದ್ದರು. ಅದು ಅವರ ಮರಣಾನಂತರ 1804ರಲ್ಲಿ ಬಂದ ಜೀವನಚರಿತ್ರೆಯಲ್ಲಿ ಅಚ್ಚಾಯಿತು. ಆಳವಾಗಿ ಅಭ್ಯಾಸ ಮಾಡಿದವು ಎಂಟು. ಅವುಗಳಲ್ಲಿ ಇಂಗ್ಲಿಷ್, ಲ್ಯಾಟಿನ್, ಗ್ರೀಕ್, ಅರಬ್ಬಿ, ಪಾರಸಿಗಳೊಡನೆ ಸಂಸ್ಕೃತವೂ ಸೇರಿದೆ. ನಿಘಂಟಿನ ಸಹಾಯದಿಂದ ಅರ್ಥವಾಗುವವು ಇನ್ನು ಎಂಟು. ತೀರ ಅಲ್ಪವಾಗಿ ತಿಳಿದವು, ಯತ್ನಿಸಿದರೆ ಸಾಧ್ಯವಾಗುವವು, ಹನ್ನೆರಡು. ಒಟ್ಟು 28.

ಈ ಪಟ್ಟಿಯನ್ನು ನಿಧಾನವಾಗಿ ನೋಡಬೇಕು. ಕಲಕತ್ತೆಯ ಬೀದಿಗಳಲ್ಲಿ ನಿತ್ಯ ಕೇಳಿಬರುತ್ತಿದ್ದ ಬಂಗಾಳಿಯೂ ಹಿಂದಿಯೂ ಎರಡನೆಯ ತರಗತಿಯಲ್ಲಿವೆ. ತಂದೆಯ ನಾಡಿನ ವೆಲ್ಷ್ ಭಾಷೆಯಾದರೋ ಟಿಬೆಟಿ, ಚೀನೀ, ಪಾಲಿಗಳೊಡನೆ ಕಡೆಯ ಸಾಲಿನಲ್ಲಿದೆ. ಅದನ್ನು ಮುಚ್ಚಿಡುವ ಪ್ರಯತ್ನವನ್ನು ಅವರು ಮಾಡಲಿಲ್ಲ. ಕನ್ನಡವಾಗಲಿ, ತಮಿಳು ತೆಲುಗುಗಳಾಗಲಿ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಇವು ಬೇರೊಂದು ಕುಟುಂಬಕ್ಕೆ ಸೇರಿದವೆಂಬುದನ್ನು 1816ರಲ್ಲಿ ಮದರಾಸಿನ ಎಲ್ಲಿಸ್ ಎಂಬ ಅಧಿಕಾರಿ ತೋರಿಸಬೇಕಾಯಿತು.

ಈ ಅಳತೆಯನ್ನು ಜೋನ್ಸರೇ ಮರೆತ ಸಂದರ್ಭವೂ ಉಂಟು. ಚೀನೀ ಜನರು ಮನುಸ್ಮೃತಿಯಲ್ಲಿ ಹೇಳಿರುವ ಪತಿತ ಕ್ಷತ್ರಿಯರ ವಂಶದವರೆಂದು 1790ರಲ್ಲಿ ಅವರು ವಾದಿಸಿದರು. ಆ ವಾದ ನಿಲ್ಲಲಿಲ್ಲ. ಅರಿವು ಆಳವಾಗಿದ್ದ ಕಡೆ ಅವರ ಮಾತು ಇಂದಿಗೂ ನಿಂತಿದೆ; ತೆಳುವಾಗಿದ್ದ ಕಡೆ ಕುಸಿದಿದೆ.

ಹಿಂದೂ ಮತ್ತು ಮುಸ್ಲಿಂ ಕಾನೂನುಗಳ ಸಂಗ್ರಹವನ್ನು ಮುಗಿಸಬೇಕೆಂದು, ಪತ್ನಿಯನ್ನು ಸ್ವದೇಶಕ್ಕೆ ಕಳುಹಿಸಿ ತಾವೊಬ್ಬರೇ ಉಳಿದ ಜೋನ್ಸರು, ಆ ಕಾರ್ಯ ಮುಗಿಯುವ ಮೊದಲೇ 1794ರ ಏಪ್ರಿಲ್ 27ರಂದು 47ನೆಯ ವಯಸ್ಸಿನಲ್ಲಿ ಕಲಕತ್ತೆಯಲ್ಲಿಯೇ ಕಣ್ಮುಚ್ಚಿದರು.

ಪರನಗರಗಳಲ್ಲಿ ನೆಲೆಸಿರುವ ನಾವು ನಾಲ್ಕಾರು ಭಾಷೆಗಳನ್ನು ಬಲ್ಲೆವೆಂದು ಸಂತೋಷಪಡುವುದು ಸಹಜ. ಬಿಡುವಾದಾಗ ಒಂದು ಹಾಳೆಯ ಮೇಲೆ ನಾವೂ ಮೂರು ಸಾಲುಗಳನ್ನು ಬರೆದು ನೋಡಬಹುದು. ನಿತ್ಯ ಪಠಿಸುವ ಸಂಸ್ಕೃತವೂ, ಮನೆಮಾತಾದ ಕನ್ನಡವೂ ನಮ್ಮಲ್ಲಿ ಮತ್ತು ನಮ್ಮ ಮಕ್ಕಳಲ್ಲಿ ಯಾವ ಸಾಲಿಗೆ ಸೇರುತ್ತವೆಯೆಂಬುದು ಆಗ ತಿಳಿಯುತ್ತದೆ.