ಹೋಮಿ ಭಾಭಾರ ಅಪ್ಪ ಉಳಿಸಿಕೊಂಡ ಮಾತು

ಈ ಸಲ ಮಳೆ ಶುರುವಾಗುವ ಹೊತ್ತಿಗೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಮಗಳ ಸಿಇಟಿ ಫಲಿತಾಂಶ. ನವಿ ಮುಂಬಯಿಯಲ್ಲೋ ಠಾಣೆಯಲ್ಲೋ ಒಳ್ಳೆಯ ಎಂಜಿನಿಯರಿಂಗ್ ಸೀಟು ಸಿಗುವಷ್ಟು ಅಂಕಗಳಿದ್ದವು. ಇನ್ನೊಂದು ಫೋರ್ಟ್ ಕಡೆಯ ಕಾಲೇಜೊಂದರ ಬಿ.ಎಸ್ಸಿ. ಅರ್ಜಿ. ಮೊದಲ ವರ್ಷಕ್ಕೆ ಇಲ್ಲಿಯವರು ಎಫ್‌ವೈ ಎನ್ನುತ್ತಾರೆ. ಮಗಳಿಗೆ ಎಫ್‌ವೈ ಬೇಕು, ಅದರಲ್ಲೂ ಭೌತಶಾಸ್ತ್ರವೇ ಬೇಕು. ನನಗೆ ಎಂಜಿನಿಯರಿಂಗ್ ಬೇಕಿತ್ತು.

ನಾವಿರುವುದು ಚೆಂಬೂರಿನಲ್ಲಿ. ಹಾರ್ಬರ್ ಲೈನಿನಲ್ಲಿ ಗೋವಂಡಿ ದಾಟಿದರೆ ಮಾನಖುರ್ದ್. ಅಲ್ಲೇ ಹತ್ತಿರ ಅಣುಶಕ್ತಿ ನಗರ, ಟ್ರಾಂಬೆ. ಈ ಭಾಗದಲ್ಲಿ ಹೋಮಿ ಭಾಭಾ ಹೆಸರು ಫಲಕಗಳ ಮೇಲೆ, ಬಸ್ಸುಗಳ ಮೇಲೆ, ನೆರೆಹೊರೆಯವರ ಮಾತಿನಲ್ಲಿ ದಿನಾ ಬರುತ್ತದೆ. ಹಾಗಾಗಿ ವಾದಕ್ಕೆ ನಾನು ಎಳೆದು ತಂದದ್ದೂ ಅವರನ್ನೇ. ಭಾಭಾ ಕೂಡ ಮೊದಲು ಎಂಜಿನಿಯರಿಂಗ್ ಮುಗಿಸಿದವರು, ಭೌತಶಾಸ್ತ್ರಕ್ಕೆ ಹೋದದ್ದು ಆಮೇಲೆ, ನೀನೂ ಹಾಗೇ ಮಾಡು ಎಂದೆ. ಮಗಳು ಆ ಕ್ಷಣ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಬಂದು, ಅಪ್ಪಾ, ನೀವು ಅರ್ಧ ಕಥೆ ಮಾತ್ರ ಹೇಳಿದ್ದೀರಿ ಎಂದಳು. ಉಳಿದರ್ಧ ಏನೆಂದು ನಾನೂ ಓದಬೇಕಾಯಿತು.

ಹೋಮಿ ಜಹಾಂಗೀರ್ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಇದೇ ಮುಂಬಯಿಯಲ್ಲಿ. ಮನೆ ಪಾರ್ಸಿ, ಆದರೆ ಬೇರಿನ ಒಂದು ಎಳೆ ನಮ್ಮ ಕಡೆಗೂ ಚಾಚಿದೆ. ಅಜ್ಜ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ತಂದೆ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಇಂಗ್ಲೆಂಡಿನಲ್ಲಿ ಓದಿ ಬಂದ ವಕೀಲರು. ಸೋದರತ್ತೆ ಮೆಹರ್‌ಬಾಯಿ ದೊರಾಬ್‌ಜಿ ಟಾಟಾ ಅವರ ಪತ್ನಿ. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು ಎಂಬ ಮಾತುಗಳು ಹುಡುಗನ ಕಿವಿಗೆ ಮೊದಲು ಬಿದ್ದದ್ದು ಅತ್ತೆಯ ಮನೆಯಲ್ಲಿ. ತನ್ನ ಮನೆಯಲ್ಲಿ ಅಜ್ಜ ಮತ್ತು ಅಪ್ಪ ಕೂಡಿಸಿಟ್ಟ ಪುಸ್ತಕಗಳ ರಾಶಿಯಿತ್ತು. ಚಿಕ್ಕಮ್ಮನ ಹತ್ತಿರ ಪಾಶ್ಚಾತ್ಯ ಸಂಗೀತದ ಗ್ರಾಮಫೋನ್ ತಟ್ಟೆಗಳಿದ್ದವು. ಚಿತ್ರ ಬಿಡಿಸುವುದು, ಸಂಗೀತ ಕೇಳುವುದು, ಗಿಡಮರಗಳ ಹುಚ್ಚು, ಇವು ಮೂರೂ ಹುಡುಗನಿಗೆ ಆಗಲೇ ಅಂಟಿಕೊಂಡು ಕೊನೆಯತನಕ ಉಳಿದವು.

ಓದಿದ್ದು ಫೋರ್ಟಿನ ಕೆಥೆಡ್ರಲ್ ಅಂಡ್ ಜಾನ್ ಕಾನನ್ ಶಾಲೆಯಲ್ಲಿ. ಸೀನಿಯರ್ ಕೇಂಬ್ರಿಜ್ ಪರೀಕ್ಷೆ ಮುಗಿಸಿದಾಗ ಇನ್ನೂ ಹದಿನೈದರ ಆಸುಪಾಸು. ಕೇಂಬ್ರಿಜ್‌ಗೆ ಹೋಗಲು ಆ ವಯಸ್ಸು ಸಾಲದು. ನಡುವಿನ ಕಾಲವನ್ನು ಮೊದಲು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ, ಆಮೇಲೆ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಕಳೆದರು. ಹದಿನಾರು ತುಂಬುವ ಹೊತ್ತಿಗೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಓದಿದ್ದರು ಎನ್ನುತ್ತಾರೆ. ಅದನ್ನು ಯಾವ ಪರೀಕ್ಷೆಯೂ ಕೇಳುತ್ತಿರಲಿಲ್ಲ. ಬೇಕೆನಿಸಿತು, ಓದಿದರು. ಭೌತಶಾಸ್ತ್ರಕ್ಕೆ ಅವರ ನಿಜವಾದ ತಯಾರಿ ನಡೆದದ್ದು ಈ ಕಾಯುವ ಕಾಲದಲ್ಲಿ ಎಂದು ನನಗೆ ಅನಿಸುತ್ತದೆ.

1927ರಲ್ಲಿ ಅವರು ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜು ಸೇರಿದರು. ವಿಷಯ ಮೆಕ್ಯಾನಿಕಲ್ ಎಂಜಿನಿಯರಿಂಗ್. ಅದು ಅಪ್ಪನ ಮತ್ತು ದೊರಾಬ್‌ಜಿ ಟಾಟಾ ಅವರ ಲೆಕ್ಕಾಚಾರ. ಹುಡುಗ ಎಂಜಿನಿಯರ್ ಆಗಿ ಬರಲಿ, ಜಮ್‌ಶೆಡ್‌ಪುರದ ಕಾರ್ಖಾನೆಯಲ್ಲಿ ಜಾಗವಿದೆ ಎಂಬುದು. ನಮ್ಮ ನಿಮ್ಮ ಮನೆಗಳ ಲೆಕ್ಕಾಚಾರಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಳಿ? ನಮಗೆ ಟಾಟಾ ನೆಂಟರಿಲ್ಲ, ಅಷ್ಟೇ.

ಆದರೆ ಆಗಿನ ಕೇಂಬ್ರಿಜ್ ಭೌತಶಾಸ್ತ್ರದ ಜಾತ್ರೆಯಂತಿತ್ತು. ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ರುದರ್‌ಫೋರ್ಡ್, ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಡಿರಾಕ್. ಹುಡುಗನ ಮನಸ್ಸು ಯಂತ್ರಗಳ ಮೇಲೆ ನಿಲ್ಲಲಿಲ್ಲ. 1928ರಲ್ಲಿ ಅಪ್ಪನಿಗೆ ಪತ್ರ ಬರೆದರು. ದೊಡ್ಡ ಹುದ್ದೆ ತನಗೆ ಬೇಡ, ಎಂಜಿನಿಯರ್ ಕೆಲಸ ತನ್ನ ಸ್ವಭಾವಕ್ಕೆ ಒಗ್ಗದು, ಭೌತಶಾಸ್ತ್ರ ಮಾಡಲು ಬಿಡಿ ಎಂಬುದು ಅದರ ತಾತ್ಪರ್ಯ.

ಅಪ್ಪ ಬೈಯಲಿಲ್ಲ, ತಕ್ಷಣ ಒಪ್ಪಲೂ ಇಲ್ಲ. ಒಂದು ಕರಾರು ಹಾಕಿದರು. ಎಂಜಿನಿಯರಿಂಗ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದರೆ ಇನ್ನೂ ಎರಡು ವರ್ಷ ಅಲ್ಲೇ ಇದ್ದು ಗಣಿತ ಓದಬಹುದು, ಅದರ ಖರ್ಚು ನನ್ನದು ಎಂದರು. 1930ರಲ್ಲಿ ಮಗ ಮೊದಲ ದರ್ಜೆಯಲ್ಲಿ ಎಂಜಿನಿಯರಿಂಗ್ ಮುಗಿಸಿದ. ಅಪ್ಪ ಹಣ ಕಳಿಸಿದರು. 1932ರಲ್ಲಿ ಗಣಿತದ ಟ್ರೈಪಾಸ್ ಪರೀಕ್ಷೆಯೂ ಮೊದಲ ದರ್ಜೆಯಲ್ಲೇ ಮುಗಿಯಿತು.

ಮಗಳು ಹೇಳಿದ ಉಳಿದರ್ಧ ಕಥೆ ಇದೇ. ಭಾಭಾ ಎಂಜಿನಿಯರಿಂಗ್ ಓದಿದರು ಎಂದು ನಾನು ಹೇಳಿದ್ದೆ. ಅವರ ಅಪ್ಪ ಮಾತು ಉಳಿಸಿಕೊಂಡರು ಎಂಬುದನ್ನು ಬಿಟ್ಟಿದ್ದೆ.

ಅದನ್ನು ಬಿಟ್ಟದ್ದು ಮರೆವಿನಿಂದಲ್ಲ. 1995ರಲ್ಲಿ ಶಿರಸಿಯ ಹತ್ತಿರದ ನಮ್ಮೂರಿನಲ್ಲಿ ನಾನು ಪಿಯುಸಿ ಮುಗಿಸಿದಾಗ ನನಗೂ ಭೌತಶಾಸ್ತ್ರವೇ ಬೇಕಿತ್ತು. ಧಾರವಾಡಕ್ಕೆ ಹೋಗಿ ಬಿ.ಎಸ್ಸಿ. ಓದುತ್ತೇನೆ ಎಂದಿದ್ದೆ. ಅಪ್ಪ ಸಮಾಧಾನದಿಂದಲೇ, ಮೊದಲು ಕೈಗೊಂದು ಕೆಲಸ ಬರುವ ಓದು ಮುಗಿಸು, ಆಮೇಲೆ ಬೇಕಾದ್ದು ಓದಿಕೊ ಎಂದರು. ನಾಲ್ಕು ವರ್ಷ ಎಂಜಿನಿಯರಿಂಗ್ ಆಯಿತು. ಆಮೇಲೆ ಮುಂಬಯಿಯ ಕೆಲಸ, ತಂಗಿಯ ಮದುವೆ, ಊರಿನ ಮನೆಯ ಮಾಡು, ಇಲ್ಲಿಯ ಫ್ಲ್ಯಾಟಿನ ಸಾಲ. ಆ ಆಮೇಲೆ ಇವತ್ತಿಗೂ ಬಂದಿಲ್ಲ. ಅಪ್ಪ ಸುಳ್ಳು ಹೇಳಿರಲಿಲ್ಲ. ಆ ಮಾತಿಗೆ ತಾರೀಖು ಇರಲಿಲ್ಲ, ಹಣ ಎತ್ತಿಟ್ಟಿರಲಿಲ್ಲ, ಅಷ್ಟೇ. ಜಹಾಂಗೀರ್ ಭಾಭಾ ಹೇಳಿದ ಮಾತಿಗೆ ಎರಡೂ ಇದ್ದವು. ಮೂವತ್ತು ವರ್ಷದ ಮೇಲೆ ಅಪ್ಪನ ಅದೇ ಮಾತನ್ನು ನಾನು ಮಗಳಿಗೆ ದಾಟಿಸಲು ಹೊರಟಿದ್ದೆ, ಭಾಭಾರ ಹೆಸರು ಅಂಟಿಸಿ.

ಮುಂದಿನದು ಹೆಚ್ಚಿನವರಿಗೆ ಗೊತ್ತಿರುವ ಕಥೆ. 1932ರಲ್ಲಿ ಕ್ಯಾವೆಂಡಿಶ್‌ನಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದರು. ಮರುವರ್ಷ ಭಾಭಾರ ಮೊದಲ ಪ್ರಬಂಧ ಬಂತು, ವಿಶ್ವಕಿರಣಗಳ ಬಗ್ಗೆ. ಆಮೇಲೆ ಎಲೆಕ್ಟ್ರಾನು ಮತ್ತು ಪಾಸಿಟ್ರಾನು ಎದುರಾದಾಗ ಹೇಗೆ ಚದುರುತ್ತವೆ ಎಂಬ ಲೆಕ್ಕ ಮಾಡಿದರು. ಅದಕ್ಕೆ ಇಂದಿಗೂ ಭಾಭಾ ಚದುರಿಕೆ ಎಂದೇ ಹೆಸರು. ಕಣ ಡಿಕ್ಕಿ ಯಂತ್ರಗಳಲ್ಲಿ ಎಷ್ಟು ಡಿಕ್ಕಿಗಳಾದವು ಎಂದು ಅಳೆಯಲು ಅದೇ ಲೆಕ್ಕ ಬಳಸುತ್ತಾರೆ. 1937ರಲ್ಲಿ ಹೈಟ್ಲರ್ ಜೊತೆ ಸೇರಿ ವಿಶ್ವಕಿರಣಗಳ ಸುರಿಮಳೆಯನ್ನು ವಿವರಿಸಿದರು. ವಾತಾವರಣದ ಮೇಲ್ಪದರಕ್ಕೆ ಬಂದ ಒಂದು ವೇಗದ ಎಲೆಕ್ಟ್ರಾನು ಬೆಳಕಿನ ಕಣವನ್ನು ಹುಟ್ಟಿಸುತ್ತದೆ, ಆ ಕಣ ಎಲೆಕ್ಟ್ರಾನು–ಪಾಸಿಟ್ರಾನುಗಳ ಜೋಡಿಯಾಗುತ್ತದೆ, ಆ ಎರಡೂ ಮತ್ತೆ ಬೆಳಕಿನ ಕಣಗಳನ್ನು ಹುಟ್ಟಿಸುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ನೆಲಕ್ಕೆ ಬರುವಾಗ ಮಳೆಯಾಗುತ್ತದೆ.

1939ರಲ್ಲಿ ಅವರು ರಜೆಗೆಂದು ಭಾರತಕ್ಕೆ ಬಂದರು. ಯುದ್ಧ ಶುರುವಾಯಿತು, ಹಿಂತಿರುಗಲು ಆಗಲಿಲ್ಲ. ಅಪ್ಪ ಬೆಳೆದ ಬೆಂಗಳೂರಿಗೇ ಹೋದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು, ಭಾಭಾ ಅಲ್ಲಿ ರೀಡರ್. 1941ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅಲ್ಲಿ ಅವರ ಜೊತೆ ಕೆಲಸ ಮಾಡಿದ ಹರೀಶ್‌ಚಂದ್ರ ಮುಂದೆ ಕೇಂಬ್ರಿಜ್‌ಗೆ ಹೋಗಿ, ಭೌತಶಾಸ್ತ್ರ ಬಿಟ್ಟು ಗಣಿತದಲ್ಲಿ ಜಗತ್ಪ್ರಸಿದ್ಧರಾದರು. ದಾರಿ ಬದಲಿಸುವವರನ್ನು ಭಾಭಾ ಅರ್ಥಮಾಡಿಕೊಳ್ಳಬಲ್ಲವರಾಗಿದ್ದರು ಎಂದುಕೊಳ್ಳುತ್ತೇನೆ.

1944ರ ಮಾರ್ಚಿನಲ್ಲಿ ಅವರು ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು, ಮೂಲಭೂತ ಸಂಶೋಧನೆಗೆ ಇಲ್ಲೇ ಒಂದು ಸಂಸ್ಥೆ ಬೇಕೆಂದು ಕೇಳಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಅದೇ ಡಿಸೆಂಬರಿನಲ್ಲಿ ಮುಂಬಯಿಗೆ ಬಂತು, ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಬಂಗಲೆಗೆ. ಅದು ಅವರ ಚಿಕ್ಕಮ್ಮನ ಬಂಗಲೆ, ಅವರು ಹುಟ್ಟಿದ ಮನೆಯೂ ಹೌದು. 1948ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಕೆಲಸ ಶುರುಮಾಡಿತು. ಮರುವರ್ಷ ಅಲ್ಲೇ ತರಬೇತಿ ಶಾಲೆ ತೆರೆದು, ಆಗಷ್ಟೇ ಕಾಲೇಜು ಮುಗಿಸಿದವರನ್ನು ಕರೆತಂದು ಒಂದು ವರ್ಷ ಪಾಠ ಹೇಳಿ ಕೆಲಸಕ್ಕೆ ಇಳಿಸಿದರು. ಒಮ್ಮೆ ಯೋಚಿಸಿದರೆ ಅಪ್ಪ ಕೊಡಿಸಿದ ಎಂಜಿನಿಯರಿಂಗ್ ಇಲ್ಲಿ ಕೈಹಿಡಿಯಿತು. ಬರೀ ಸಿದ್ಧಾಂತಿಯಾಗಿದ್ದರೆ ಕಾಂಕ್ರೀಟು, ಕೊಳಾಯಿ, ಯಂತ್ರಗಳ ಭಾಷೆ ಅವರಿಗೆ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲವೇನೋ.

1966ರ ಜನವರಿ 24ರಂದು ಏರ್ ಇಂಡಿಯಾದ ಕಾಂಚನಜುಂಗಾ ವಿಮಾನ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿಯಿತು. ಭಾಭಾ ಅದರಲ್ಲಿದ್ದರು. 56 ವರ್ಷ. ಮಲಬಾರ್ ಹಿಲ್‌ನಲ್ಲಿದ್ದ ಅವರ ಮನೆ ಮೆಹರಾಂಗೀರ್ 2014ರಲ್ಲಿ 372 ಕೋಟಿ ರೂಪಾಯಿಗೆ ಹರಾಜಾಗಿ, ಆಮೇಲೆ ನೆಲಸಮವಾಯಿತು. ಅವರು ಕಾಯುತ್ತ ಓದಿದ ಎರಡು ಕಾಲೇಜುಗಳು ಮಾತ್ರ ಈಗಲೂ ಇವೆ, 2019ರಿಂದ ಅವರದೇ ಹೆಸರಿನ ವಿಶ್ವವಿದ್ಯಾಲಯದ ಭಾಗವಾಗಿ.

ಮಗಳ ಜೊತೆ ಕೂತು ನಾನು ಒಪ್ಪಿಕೊಂಡೆ. ಕರಾರೂ ಹಾಕಿದೆ, ಆದರೆ ಈ ಸಲ ನನ್ನ ಮೇಲೆ. ಎಂ.ಎಸ್ಸಿ.ವರೆಗಿನ ಖರ್ಚನ್ನು ಈಗಲೇ ಬೇರೆ ಖಾತೆಯಲ್ಲಿ ಇಡುವುದು, ಮೂರು ವರ್ಷದವರೆಗೆ ಕೆಲಸದ ಮಾತು ಎತ್ತದಿರುವುದು. ಹೆಂಡತಿ ಸಾಕ್ಷಿ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯ ಮತ್ತು ಪರಮಾಣು ಶಕ್ತಿ ಇಲಾಖೆ ಸೇರಿ ನಡೆಸುವ ಕೇಂದ್ರದಲ್ಲಿ ಐದು ವರ್ಷದ ಸಂಯುಕ್ತ ಎಂ.ಎಸ್ಸಿ. ಇದೆ. ಅದಕ್ಕೆ ನೆಸ್ಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಮಕ್ಕಳಿಗೆ ಇಂಥ ಆಸೆ ಇರುವವರು ಹನ್ನೆರಡನೆಯ ತರಗತಿಯಲ್ಲೇ ವಿಚಾರಿಸಿಕೊಳ್ಳಿ. ನಾನು ಎಂಜಿನಿಯರಿಂಗ್ ಗುಂಗಿನಲ್ಲಿ ಅದನ್ನು ತಪ್ಪಿಸಿಬಿಟ್ಟೆ.

ಕಾಲೇಜು ತೆರೆಯುವವರೆಗಿನ ಈ ಕೆಲವು ವಾರ ಮಗಳ ಕಾಯುವ ಕಾಲ. ಕೋಚಿಂಗ್‌ನ ಎರಡು ವರ್ಷ ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುರುತು ಹಾಕಿ ಹಾಕಿ, ಒಂದು ಸೂತ್ರ ಎಲ್ಲಿಂದ ಬಂತೆಂದು ಬರೆಯುವ ಅಭ್ಯಾಸವೇ ಅವಳ ಕೈಗೆ ತಪ್ಪಿತ್ತು. ಈಗ ದಿನಕ್ಕೆ ಒಂದು ಸೂತ್ರವನ್ನು ಮೊದಲಿನಿಂದ ಕಾಗದದ ಮೇಲೆ ಬಿಡಿಸುತ್ತಾಳೆ. ಕ್ಯಾಲ್ಕುಲಸ್, ವೆಕ್ಟರ್, ಕಾಂಪ್ಲೆಕ್ಸ್ ಸಂಖ್ಯೆಗಳನ್ನು ಮತ್ತೆ ತಿದ್ದುತ್ತಿದ್ದಾಳೆ. ಭಾಭಾ ಕೂಡ ಭೌತಶಾಸ್ತ್ರಕ್ಕೆ ಹೋಗಲು ಗಣಿತದ ಬಾಗಿಲನ್ನೇ ತಟ್ಟಿದ್ದರಲ್ಲವೇ?

ಹೋದ ಭಾನುವಾರ ಕಿಟಕಿಯ ಗ್ರಿಲ್ಲಿಗೆ ಒಂದು ಮೀಟರ್ ದಾರ ಕಟ್ಟಿ, ತುದಿಗೆ ಸಣ್ಣ ಬೀಗ ತೂಗುಹಾಕಿ ಲೋಲಕ ಮಾಡಿದಳು. 20 ಸಲ ತೂಗಲು 40.4 ಸೆಕೆಂಡು. ಲೆಕ್ಕ ಹಾಕಿದರೆ ಭೂಮಿಯ ಗುರುತ್ವ ವೇಗೋತ್ಕರ್ಷ 9.68 ಬಂತು. ಪುಸ್ತಕದಲ್ಲಿ 9.8. ನಾನು ಗಡಿಯಾರದ ತಪ್ಪು ಎಂದೆ. ಅವಳು ಒಪ್ಪಲಿಲ್ಲ. ಅರ್ಧ ಗಂಟೆ ಹುಡುಕಿ ಕಂಡುಹಿಡಿದಳು. ದಾರವನ್ನು ಬೀಗದ ತಲೆಯವರೆಗೆ ಅಳೆದಿದ್ದಳು, ಅಳೆಯಬೇಕಾದ್ದು ಬೀಗದ ನಡುಮಧ್ಯದವರೆಗೆ. ಒಂದು ಸೆಂಟಿಮೀಟರ್ ಸೇರಿಸಿದ ಮೇಲೆ 9.77 ಬಂತು.

ಬೀಗ ಇನ್ನೂ ಗ್ರಿಲ್ಲಿನಲ್ಲಿ ತೂಗುತ್ತಿದೆ. ಮುಂದಿನ ವಾರ ಅವಳ ಎಫ್‌ವೈ ಶುರು. ಬೆಳಿಗ್ಗೆಯ ಸಿಎಸ್‌ಎಂಟಿ ಲೋಕಲ್‌ನ ಪಾಸ್ ಮಾಡಿಸಿ ತಂದಿದ್ದೇನೆ. ಅವಳು ಮಲಗಿದ ಮೇಲೆ ಅವಳ ಕ್ಯಾಲ್ಕುಲಸ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಾನೂ ಒಂದೊಂದು ಲೆಕ್ಕ ಬಿಡಿಸಲು ಶುರುಮಾಡಿದ್ದೇನೆ. ಮೊದಲ ಎರಡು ತಪ್ಪಾದವು.